ಒಂದು ನಂಬರು, ಹತ್ತು ಸಂಗತಿ: ದಾಖಲೆಗೆ ದಾಖಲೆ ಜೋಡಿಸುವ ಬಗೆ



ಅಡಿಕೆ ಚೀಲವನ್ನು ಕಾಟಾದ ಮೇಲೆ ಇಟ್ಟಾಗ ಬರೆಯುವ ಚೀಟಿಯಲ್ಲಿ ಇರುವುದು ನಾಲ್ಕೇ ಸಂಗತಿ: ತಾರೀಖು, ಸದಸ್ಯರ ನಂಬರು, ಮಾಲಿನ ಬಗೆ, ತೂಕ. ಆದರೆ ಹಣದ ಪಟ್ಟಿ ನಿಮ್ಮ ಕೈಗೆ ಬರುವಾಗ ಅದರಲ್ಲಿ ಹೆಸರು, ಊರು, ಬ್ಯಾಂಕಿನ ಖಾತೆ, ಸಾಲದ ಬಾಕಿ, ದರ, ಒಟ್ಟು ಮೊತ್ತ ಎಲ್ಲವೂ ಇರುತ್ತವೆ. ಚೀಟಿಯಲ್ಲಿ ಇಲ್ಲದ ಈ ಸಂಗತಿಗಳು ಪಟ್ಟಿಗೆ ಎಲ್ಲಿಂದ ಬಂದವು? ಗಣಕಯಂತ್ರದವರು ಈ ಕೆಲಸಕ್ಕೆ ‘ಲುಕಪ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ನೋಡಿ ತುಂಬುವುದು’. ಇದು ಗುಮಾಸ್ತರ ಕೆಲಸ, ನಮಗೇಕೆ ಎಂದು ಅನೇಕರು ಕೇಳಬಹುದು. ಇಂದು ಬೆಳೆ ಪರಿಹಾರದಿಂದ ಹಿಡಿದು ಸಾಲದವರೆಗೆ ರೈತನಿಗೆ ಬರುವ ಹಣವೆಲ್ಲ ಇದೇ ದಾರಿಯಲ್ಲಿ ಬರುತ್ತಿರುವುದರಿಂದ, ಇದರ ಮರ್ಮವನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರುವುದು ಅವಶ್ಯ.

ಹಳೆಯ ಪದ್ಧತಿಯೇ

ಇದು ಹೊಸದೇನೂ ಅಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ಸಂಘಗಳಲ್ಲಿ ಕಿರ್ದಿ ಬೇರೆ, ಖತಾವಣಿ ಬೇರೆ. ಕಿರ್ದಿಯಲ್ಲಿ ದಿನದ ವ್ಯವಹಾರ ಬರೆದು, ಪಕ್ಕಕ್ಕೆ ಖತಾವಣಿಯ ಪುಟದ ನಂಬರು ಹಾಕುತ್ತಿದ್ದರು. ಆ ಪುಟ ತೆಗೆದರೆ ಸದಸ್ಯನ ಪೂರ್ತಿ ಲೆಕ್ಕ ಸಿಗುತ್ತಿತ್ತು. ಪ್ರತಿ ಸಲವೂ ಹೆಸರು, ಊರು, ಬಾಕಿ ಎಲ್ಲವನ್ನೂ ಬರೆಯುತ್ತ ಕೂತಿದ್ದರೆ ಶಾಯಿಯೂ ಸಾಲುತ್ತಿರಲಿಲ್ಲ, ಸಮಯವೂ ಸಾಲುತ್ತಿರಲಿಲ್ಲ. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು, ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ಇಟ್ಟು, ಸಮಾನವಾದ ಒಂದು ಅಂಕಣದ ಮೂಲಕ ಜೋಡಿಸಿಕೊಳ್ಳಬಹುದೆಂದು ಶಾಸ್ತ್ರೀಯವಾಗಿ ತೋರಿಸಿದರು. ಇಂದಿನ ಬಹುಪಾಲು ಲೆಕ್ಕದ ತಂತ್ರಾಂಶಗಳು ಆ ತಳಹದಿಯ ಮೇಲೆ ನಿಂತಿವೆ.

ಇದಕ್ಕೆ ಬೇಕಾದುವು ಮೂರು. ಒಂದು, ದಿನದ ದಾಖಲೆ, ಅಂದರೆ ನಮ್ಮ ಚೀಟಿ. ಎರಡು, ಮೂಲ ಪಟ್ಟಿ, ಅಂದರೆ ಸದಸ್ಯರ ಪಟ್ಟಿ, ದರದ ಪಟ್ಟಿ, ಜಮೀನಿನ ಪಟ್ಟಿ ಇತ್ಯಾದಿ. ಮೂರು, ಎರಡೂ ಕಡೆ ಒಂದೇ ರೀತಿ ಇರುವ ಕೀಲಿ ನಂಬರು. ಯಂತ್ರವು ಚೀಟಿಯಲ್ಲಿರುವ ಕೀಲಿಯನ್ನು ಮೂಲ ಪಟ್ಟಿಯಲ್ಲಿ ಹುಡುಕಿ, ಅದರ ಸಾಲಿನಲ್ಲಿರುವ ಸಂಗತಿಗಳನ್ನು ತಂದು ಚೀಟಿಯ ಪಕ್ಕಕ್ಕೆ ಇಡುತ್ತದೆ. ಅದಕ್ಕೆ ನಿಮ್ಮ ಮುಖ ಪರಿಚಯವಿಲ್ಲ. ಅದು ಬಲ್ಲದ್ದು ಕೀಲಿಯನ್ನು ಮಾತ್ರ.

ಕೀಲಿ ಹೇಗಿರಬೇಕು?

ಹೆಸರು ಕೀಲಿಯಾಗಲಾರದು. ಒಂದೇ ಊರಿನಲ್ಲಿ ಬಸವರಾಜ ಪಾಟೀಲರು ನಾಲ್ವರು ಇರುತ್ತಾರೆ. ಅದೇ ಹೆಸರನ್ನು ಒಂದು ಕಡೆ ‘ಪಾಟೀಲ’, ಇನ್ನೊಂದು ಕಡೆ ‘ಪಾಟೀಲ್’ ಎಂದು ಬರೆದರೂ ಯಂತ್ರದ ದೃಷ್ಟಿಯಲ್ಲಿ ಅವರು ಇಬ್ಬರು ಮನುಷ್ಯರು.

ಸರ್ವೆ ನಂಬರು ಒಂದೇ ಸಾಲದು. ರಿ.ಸ.ನಂ. 45 ಎಂಬುದು ಬಹುತೇಕ ಪ್ರತಿ ಗ್ರಾಮದಲ್ಲಿಯೂ ಇರುತ್ತದೆ. ಆದ್ದರಿಂದ ಗ್ರಾಮ, ಸರ್ವೆ ನಂಬರು, ಹಿಸ್ಸಾ ಮೂರೂ ಕೂಡಿದರೆ ಮಾತ್ರ ಒಂದು ಹೊಲದ ಗುರುತು ಪೂರ್ತಿಯಾಗುತ್ತದೆ. ಊರಿನ ಹೆಸರನ್ನೂ ಪೂರ್ತಿ ಬರೆಯತಕ್ಕದ್ದು. ಕಲಘಟಗಿ ತಾಲೂಕಿನಲ್ಲಿ ತಬಕದ ಹೊನ್ನಿಹಳ್ಳಿ ಇದೆ, ಹಿರೇಹೊನ್ನಿಹಳ್ಳಿಯೂ ಇದೆ. ಮಾತಿನಲ್ಲಿ ಬರಿ ‘ಹೊನ್ನಳ್ಳಿ’ ಎಂದರೆ ಕೇಳಿದವರಿಗೆ ತಿಳಿದೀತು, ದಾಖಲೆಗೆ ತಿಳಿಯದು.

ಇನ್ನೊಂದು ಸೂಕ್ಷ್ಮ. ಗಣಕಯಂತ್ರದ ಲೆಕ್ಕದ ಹಾಳೆಯಲ್ಲಿ 12/1 ಎಂದು ಹಿಸ್ಸಾ ನಂಬರು ಹೊಡೆದರೆ, ಅದು ತಾರೀಖು ಎಂದು ಭಾವಿಸಿ ಯಂತ್ರ ತಾನಾಗಿ ‘12 ಜನವರಿ’ ಮಾಡಿಬಿಡಬಹುದು. 0127 ಎಂದು ಹೊಡೆದರೆ ಮುಂದಿನ ಸೊನ್ನೆ ನುಂಗಿ 127 ಮಾಡುತ್ತದೆ. ಆಗ ಎರಡೂ ಕಡೆಯ ಕೀಲಿ ತಾಳೆಯಾಗುವುದಿಲ್ಲ. ಇಂಥ ಅಂಕಣಗಳನ್ನು ‘ಅಂಕೆಯಲ್ಲ, ಅಕ್ಷರ’ ಎಂದು ಮೊದಲೇ ಗೊತ್ತು ಮಾಡಿ ಇಡಬೇಕು.

ಸುಮ್ಮನೆ ನಡೆಯುವ ತಪ್ಪುಗಳು

ಕೀಲಿ ಸಿಗದಿದ್ದರೆ ಆ ಜಾಗ ಖಾಲಿ ಬರುತ್ತದೆ. ಖಾಲಿ ಕಂಡರೆ ವಿಚಾರಿಸಬಹುದು, ಅದು ದೊಡ್ಡ ಅಪಾಯವಲ್ಲ. ಅಪಾಯ ಇರುವುದು, ಖಾಲಿಯ ಬದಲು ತಪ್ಪು ಸಂಗತಿ ಬಂದು ಕೂತಾಗ.

ಬಹಳ ಕಡೆ ಬಳಕೆಯಲ್ಲಿರುವ ‘ವಿ-ಲುಕಪ್’ ಎಂಬ ಸೂತ್ರಕ್ಕೆ ಕೊನೆಯಲ್ಲಿ ಒಂದು ಸೂಚನೆ ಕೊಡಬೇಕಾಗುತ್ತದೆ: ‘ಸರಿಯಾಗಿ ಅದೇ ನಂಬರು ಇದ್ದರೆ ಮಾತ್ರ ತಾ’ ಎಂದು. ಆ ಸೂಚನೆ ಬಿಟ್ಟರೆ ಅದು ಸಮೀಪದ ಸಣ್ಣ ನಂಬರಿನ ಸಂಗತಿಯನ್ನು ತಂದುಕೊಡುತ್ತದೆ. ಸದಸ್ಯರ ಪಟ್ಟಿಯಲ್ಲಿ 125, 126, 128 ಇದ್ದು, 127 ಬರೆಯದೆ ಉಳಿದಿದೆ ಎಂದುಕೊಳ್ಳಿ. 127ನೆಯವರು ಮಾಲು ತಂದಾಗ ಯಂತ್ರ ತಕರಾರು ಮಾಡುವುದಿಲ್ಲ. 126ನೆಯವರ ಬ್ಯಾಂಕ್ ಖಾತೆಯನ್ನು ತಂದು ಇಡುತ್ತದೆ. ಹಣ ಅವರಿಗೆ ಹೋಗುತ್ತದೆ. 2019ರಲ್ಲಿ ಬಂದ ‘ಎಕ್ಸ್-ಲುಕಪ್’ ಸೂತ್ರದಲ್ಲಿ, ಬೇರೆ ಹೇಳದಿದ್ದರೆ, ಸರಿಯಾದ ನಂಬರನ್ನೇ ಹುಡುಕುವ ಕ್ರಮವಿದೆ.

ಎರಡನೆಯದು, ಒಂದು ಕೀಲಿಗೆ ಅನೇಕ ಸಾಲು ಸಿಕ್ಕುವುದು. ಮೂವರು ಅಣ್ಣತಮ್ಮಂದಿರ ಹೆಸರು ಒಂದೇ ಉತಾರದಲ್ಲಿ ಇದೆ. ಆ ಹೊಲದ 3 ಕ್ವಿಂಟಲ್ ಅಡಿಕೆಯ ಚೀಟಿಗೆ ಮಾಲೀಕರ ಹೆಸರು ಜೋಡಿಸಿದರೆ ಒಂದು ಸಾಲು ಮೂರಾಗುತ್ತದೆ. ಪ್ರತಿ ಸಾಲಿನಲ್ಲಿಯೂ 3 ಕ್ವಿಂಟಲ್ ಇರುತ್ತದೆ. ಮೊತ್ತ ಹಾಕಿದರೆ 9 ಕ್ವಿಂಟಲ್! ಆದ್ದರಿಂದ ಜೋಡಿಸುವ ಮೊದಲು ಎಷ್ಟು ಸಾಲು, ಎಷ್ಟು ತೂಕ ಇತ್ತು, ಜೋಡಿಸಿದ ಮೇಲೆ ಎಷ್ಟಾಯಿತು ಎಂದು ತಾಳೆ ನೋಡುವುದು ಲೆಕ್ಕ ಇಡುವವರ ಮೊದಲ ಧರ್ಮ.

ಮೂರನೆಯದು ಅಳತೆ. ಉತಾರದಲ್ಲಿ 1-30 ಎಂದರೆ 1 ಎಕರೆ 30 ಗುಂಟೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಒಬ್ಬರಿಗೆ 1-30 ಮತ್ತು 2-20 ಎಂಬ ಎರಡು ತುಂಡು ಇವೆ. ಇವನ್ನು 1.30, 2.20 ಎಂದು ದಶಾಂಶದಲ್ಲಿ ಕೂಡಿಸಿದರೆ ಮೂರೂವರೆ ಎಕರೆ ಬರುತ್ತದೆ. ನಿಜವಾಗಿ ಇರುವುದು 4 ಎಕರೆ 10 ಗುಂಟೆ. ಮುಕ್ಕಾಲು ಎಕರೆ ಕಾಗದದ ಮೇಲೆಯೇ ಮಾಯ! ಹಾಗೆಯೇ ಅಡಿಕೆಯ ದರ ಕ್ವಿಂಟಲಿಗೆ. ಅಡಿಕೆಯ ನೆರಳಿನಲ್ಲಿ ಕಾಫಿ ಹಾಕಿಕೊಂಡವರಿಗೆ ಸಿಗುವ ಪಾರ್ಚ್‌ಮೆಂಟ್, ಚೆರಿಗಳ ದರ 50 ಕಿಲೋ ಚೀಲಕ್ಕೆ. ದರದ ಪಟ್ಟಿಯಲ್ಲಿ ದರದ ಜೊತೆಗೆ ‘ಎಷ್ಟಕ್ಕೆ’ ಎಂಬ ಅಂಕಣವೂ ಇರಬೇಕು.

ಯಾವುದನ್ನು ನೋಡಬೇಕು, ಯಾವುದನ್ನು ಬರೆದಿಡಬೇಕು?

ಸದಸ್ಯರ ವಿಳಾಸ, ಫೋನು, ಬ್ಯಾಂಕ್ ಖಾತೆ ಇವೆಲ್ಲ ಮೂಲ ಪಟ್ಟಿಯಲ್ಲಿ ಒಂದೇ ಕಡೆ ಇರಬೇಕು. ಹತ್ತು ಕಡೆ ನಕಲು ಮಾಡಿದರೆ, ಖಾತೆ ಬದಲಾದಾಗ ಒಂಬತ್ತು ಕಡೆ ತಿದ್ದಿ ಒಂದು ಕಡೆ ಮರೆಯುವುದು ಖಂಡಿತ.

ದರದ ಮಾತು ಬೇರೆ. ಜನವರಿಯಲ್ಲಿ ರಾಶಿ ಅಡಿಕೆ ಮಾರಿದ ಪಟ್ಟಿಯು ಪ್ರತಿ ಸಲವೂ ದರವನ್ನು ಇಂದಿನ ಪಟ್ಟಿಯಿಂದ ನೋಡಿಕೊಳ್ಳುವಂತೆ ಮಾಡಿದ್ದರೆ, ಮಾರ್ಚಿಯಲ್ಲಿ ದರ ತಿದ್ದಿದ ಕೂಡಲೇ ಜನವರಿಯ ಪಟ್ಟಿಗಳೂ ಬದಲಾಗುತ್ತವೆ. ಆದ್ದರಿಂದ ವ್ಯವಹಾರದ ದಿನದ ದರವನ್ನು ಅಂದೇ ನೋಡಿ, ಚೀಟಿಯ ಮೇಲೆ ಕಾಯಂ ಬರೆದಿಡಬೇಕು. ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಬಗೆಗಳಿಗೂ ಇದೇ ನಿಯಮ. ಮಾಲಿನ ಬಗೆ ಅಂದು ಏನೆಂದು ನಿರ್ಧಾರವಾಯಿತೋ ಅದೇ ಉಳಿಯಬೇಕು. ‘ಈಗ ಇರುವುದನ್ನು’ ನೋಡಿಕೊಳ್ಳಬೇಕು, ‘ಅಂದು ನಡೆದದ್ದನ್ನು’ ಬರೆದಿಡಬೇಕು. ಇಷ್ಟು ತಿಳಿದರೆ ಅರ್ಧ ತಂಟೆ ತೀರಿತು.

ಸರ್ಕಾರಿ ದಾಖಲೆಗಳ ಕೊಂಡಿ

ಇನ್ನು ನಮ್ಮ ಹಣದ ಮಾತು. ಕೈಬರಹದ ಉತಾರಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2000ದ ಸುಮಾರಿಗೆ ನಡೆಯಿತು. ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಆಗ ಯಂತ್ರಕ್ಕೆ ಸೇರಿದವು. ಆಮೇಲೆ ಬಂದದ್ದು ‘ಫ್ರೂಟ್ಸ್’ ತಂತ್ರಾಂಶ. ಇದರಲ್ಲಿ ನೋಂದಾಯಿಸಿದ ಪ್ರತಿ ರೈತನಿಗೆ ಎಫ್‌ಐಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ನಂಬರು ಕೊಡುತ್ತಾರೆ. ಆ ನಂಬರಿಗೆ ಆಧಾರ್, ಭೂಮಿಯ ಸರ್ವೆ ನಂಬರುಗಳು, ಬ್ಯಾಂಕ್ ವಿವರ ಜೋಡಣೆಯಾಗಿರುತ್ತವೆ. ಇಲಾಖೆಯವರು ಪ್ರತಿ ಸಲ ಕಾಗದ ಕೇಳದೆ, ಎಫ್‌ಐಡಿ ಹಾಕಿ ಉಳಿದುದನ್ನು ನೋಡಿ ತುಂಬಿಕೊಳ್ಳುತ್ತಾರೆ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿಗಳ ಪರಿಹಾರವನ್ನು ಫ್ರೂಟ್ಸ್‌ನಲ್ಲಿರುವ ಜಮೀನಿನ ವಿವರದ ಆಧಾರದ ಮೇಲೆ ರೈತರ ಖಾತೆಗೆ ಹಾಕಲಾಯಿತು. ಇಂಥ ಸಂದರ್ಭದಲ್ಲಿ ಮೂರು ಹೊಲ ಇದ್ದವರು ಎಫ್‌ಐಡಿಗೆ ಒಂದೇ ಹೊಲ ಸೇರಿಸಿದ್ದರೆ, ಯಂತ್ರಕ್ಕೆ ಕಾಣುವುದು ಒಂದೇ ಹೊಲ. ಅದೇ ರೀತಿ ಉತಾರದ 9ನೆಯ ಅಂಕಣದಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರೇ ಇದ್ದರೆ, ಹೊಲದಲ್ಲಿ ದುಡಿಯುವ ಮಗನ ಎಫ್‌ಐಡಿಗೆ ಆ ಹೊಲ ತಾಳೆಯಾಗುವುದಿಲ್ಲ. ಬೆಳೆ ಹಾಳಾದದ್ದು ನಿಜ, ರೈತನೂ ನಿಜ, ಆದರೆ ನಡುವಿನ ಕೊಂಡಿ ಇಲ್ಲ. ಪೌತಿ ಖಾತೆ ಮಾಡಿಸದೆ ಮುಂದೂಡುವುದರಿಂದ ಆಗುವ ನಷ್ಟ ಇದೇ. 12ನೆಯ ಅಂಕಣದಲ್ಲಿ ಅಡಿಕೆ ತೋಟದ ಜಾಗಕ್ಕೆ ಹಳೆಯ ಭತ್ತವೇ ಉಳಿದಿದ್ದರೂ ಅಂಥದೇ ತೊಡಕು.

ಸಹಕಾರ ಸಂಘಗಳ ಲೆಕ್ಕವೂ ಇದೇ ದಾರಿ ಹಿಡಿದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಮಂಜೂರಾತಿ ನೀಡಿತು. ಮೂಲ ಪಟ್ಟಿ ಅಶುದ್ಧವಾಗಿದ್ದರೆ, ಯಂತ್ರವು ಆ ತಪ್ಪನ್ನು ವೇಗವಾಗಿ ಎಲ್ಲ ಕಡೆಗೆ ಹಂಚುವುದಷ್ಟೇ.

ಸದಸ್ಯರು ಮಾಡತಕ್ಕದ್ದು

1. ಚೀಲದ ಚೀಟಿಯ ಮೇಲೆ ಹೆಸರಿನ ಜೊತೆಗೆ ಸದಸ್ಯರ ನಂಬರನ್ನು ತಪ್ಪದೆ ಬರೆಸಿರಿ.

2. ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಎಫ್‌ಐಡಿಯ ವಿವರ ತೆಗೆಸಿ, ಮನೆಯಲ್ಲಿರುವ ಉತಾರಗಳ ಸಂಗಡ ಒಂದೊಂದಾಗಿ ತಾಳೆ ನೋಡಿರಿ. ಬಿಟ್ಟುಹೋದ ಸರ್ವೆ ನಂಬರು ಸೇರಿಸಿರಿ.

3. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಪರೀಕ್ಷಿಸಿರಿ.

4. ವಾಟ್ನಿ, ಖರೀದಿ, ಪೌತಿ ಆಗಿ ಖಾತೆ ಬದಲಾದರೆ, ಹೊಸ ಹಿಸ್ಸಾ ನಂಬರನ್ನು ಸಂಘಕ್ಕೂ ತಿಳಿಸಿರಿ.

5. ಹಣದ ಪಟ್ಟಿ ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡದೆ, ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ, ಮಾಲಿನ ಬಗೆ, ದರ ಇವುಗಳನ್ನೂ ನೋಡಿರಿ. ವ್ಯತ್ಯಾಸ ಕಂಡರೆ ಅಂದೇ ಹೇಳಿರಿ. ದಿನ ಕಳೆದಷ್ಟೂ ತಿದ್ದುವುದು ಕಠಿಣ.

ಸದಸ್ಯರ ಮೂಲ ಪಟ್ಟಿಯನ್ನು ಸಂಘದ ಕಚೇರಿಯಲ್ಲಿ ನೋಡಿ ತಿದ್ದಿಸಲು ಕೆಲಸದ ವೇಳೆಯಲ್ಲಿ ಯಾವ ದಿನವಾದರೂ ಬರಬಹುದು. ಬರುವಾಗ ಹೊಸ ಉತಾರ ಮತ್ತು ಪಾಸ್‌ಬುಕ್ ತರತಕ್ಕದ್ದು. ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ ಈ ಕೆಲಸ ಮುಗಿಸಿಕೊಂಡರೆ ಉಭಯತರಿಗೂ ಅನುಕೂಲ.

ಕಾರ್ಯದರ್ಶಿ