ಕ್ಯಾರೆಟ್ ಬೆಳೆಗೆ ಸಸ್ಯರಸಗಳ ಆಸರೆ: ಮಣ್ಣು ಮೊದಲು, ಸಿಂಪಡಣೆ ನಂತರ

ಭದ್ರಾ ನಾಲೆಯ ನೀರು ಹರಿಯುವ ಭದ್ರಾವತಿಯ ಬಯಲಿನಲ್ಲಿಯೂ ಶಿವಮೊಗ್ಗ ನಗರದ ಸುತ್ತಲ ಹಳ್ಳಿಗಳಲ್ಲಿಯೂ ಭತ್ತ, ಅಡಿಕೆ, ಕಬ್ಬುಗಳೇ ಪ್ರಧಾನ ಬೆಳೆಗಳು. ನಮ್ಮ ಅಡುಗೆಮನೆಗಳಿಗೂ ದಾಸೋಹದ ಪಾಕಶಾಲೆಗಳಿಗೂ ಬರುವ ಕ್ಯಾರೆಟ್ ಬಹುಪಾಲು ಕೋಲಾರ, ಚಿಕ್ಕಬಳ್ಳಾಪುರ, ಊಟಿಗಳ ಕಡೆಯದು. ಚಳಿಗಾಲದಲ್ಲಿ ತುಂಡು ನೆಲದಲ್ಲಾದರೂ ಇದನ್ನು ಬೆಳೆಯಬೇಕೆಂಬ ಆಸೆ ಅನೇಕ ರೈತಬಾಂಧವರಿಗಿದೆ. ಹಾಗೆ ಹೊರಟವರಿಗೆ ಇಳುವರಿಯನ್ನೂ ಬಣ್ಣವನ್ನೂ ಹೆಚ್ಚಿಸುವುದೆಂಬ ಸಸ್ಯಜನ್ಯ ದ್ರಾವಣಗಳ ಬಾಟಲಿಗಳು ಅಂಗಡಿಗಳಲ್ಲಿ ಎದುರಾಗುತ್ತವೆ. ಇವುಗಳಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಅರಿತರೆ ಹಣವೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.

ಉತ್ತರ ಕರ್ನಾಟಕದವರು ಗಜ್ಜರಿ ಎಂದು ಕರೆಯುವ ಈ ತರಕಾರಿಯಲ್ಲಿ ನಾವು ತಿನ್ನುವುದು ಬೇರನ್ನು. ಆದ್ದರಿಂದ ಅದರ ಗುಣವು ಮೊದಲು ನಿರ್ಧಾರವಾಗುವುದು ಮಣ್ಣಿನೊಳಗೆ. ಕೆಸರು ಮಾಡಿ ಭತ್ತ ನಾಟಿ ಮಾಡಿದ ಜೇಡಿಮಣ್ಣು ಒಣಗಿದಾಗ ಗಟ್ಟಿಯಾಗುತ್ತದೆ. ಅಲ್ಲಿ ಬೇರು ನೇರವಾಗಿ ಇಳಿಯಲಾರದೆ ಕವಲೊಡೆಯುತ್ತದೆ. ಕಲ್ಲು, ಹೆಂಟೆ, ಕಳಿಯದ ಹಸಿ ಗೊಬ್ಬರ ಇವೂ ಕವಲಿಗೆ ಕಾರಣಗಳು. ಸಡಿಲವಾದ ಮರಳುಮಿಶ್ರಿತ ಗೋಡುಮಣ್ಣು ಈ ಬೆಳೆಗೆ ಶ್ರೇಷ್ಠ. ಗದ್ದೆಯಲ್ಲಿಯೇ ಬೆಳೆಯುವವರು ಆಳವಾಗಿ ಉತ್ತು, ಹೆಂಟೆಯೊಡೆದು, ಪೂರ್ಣ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮುಂಚಿತವಾಗಿ ಸೇರಿಸಿ, ಏರುಮಡಿಗಳನ್ನು ಮಾಡಿಕೊಳ್ಳುವುದು ಅವಶ್ಯ.

ಎರಡನೆಯದು ಹವೆ. ಬೇರಿನ ಆಕಾರ ಮತ್ತು ಕೇಸರಿ ಬಣ್ಣ ಚೆನ್ನಾಗಿ ಬರುವುದು 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ನಮ್ಮ ಭಾಗದಲ್ಲಿ ಚಳಿಗಾಲದ ಹಗಲು ಇದಕ್ಕಿಂತ ಬೆಚ್ಚಗಿರುವುದರಿಂದ, ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಬಿತ್ತನೆ ಮಾಡುವುದು ಸೂಕ್ತ. ಶಾಖವನ್ನು ತಾಳಬಲ್ಲ ಕುರೊಡಾ ಮಾದರಿಯ ತಳಿಗಳೂ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ಸೂರಜ್ ತಳಿಯೂ ಇಲ್ಲಿಗೆ ಪರಿಶೀಲನಾರ್ಹ. ಬೀಜ ಮೊಳೆಯಲು 1ರಿಂದ 3 ವಾರ ಬೇಕು. ಅಲ್ಲಿಯವರೆಗೆ ಮೇಲ್ಮಣ್ಣು ಒಣಗಕೂಡದು. ಮೊಳೆತ ನಂತರ ಹೆಚ್ಚುವರಿ ಸಸಿಗಳನ್ನು ಕಿತ್ತು, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ 5ರಿಂದ 8 ಸೆಂಟಿಮೀಟರ್ ಅಂತರ ಬಿಡಬೇಕು. ಈ ಕೆಲಸವನ್ನು ಮಾಡದೆ ಯಾವ ರಸವನ್ನು ಸಿಂಪಡಿಸಿದರೂ ಬೇರು ಬೆರಳಿನಷ್ಟೇ ಉಳಿಯುತ್ತದೆ.

ಇಷ್ಟು ಅಡಿಪಾಯ ಸಿದ್ಧವಾದ ಮೇಲೆ ಸಸ್ಯಮೂಲದ ವಸ್ತುಗಳು ನಿಜವಾಗಿ ನೆರವಿಗೆ ಬರುತ್ತವೆ. ಅವುಗಳ ಕೆಲಸ ಮೂರು ವಿಧ.

ಮೊದಲನೆಯದು ಮಣ್ಣಿನೊಳಗಿನ ರಕ್ಷಣೆ. ಬೇರುಗಂಟು ಜಂತುಹುಳು ಕ್ಯಾರೆಟ್ಟಿಗೆ ದೊಡ್ಡ ಶತ್ರು. ಬರಿಗಣ್ಣಿಗೆ ಕಾಣದ ಈ ಜಂತು ಎಳೆಯ ಬೇರನ್ನು ಹೊಕ್ಕರೆ ಗಂಟುಗಳೂ ಕವಲುಗಳೂ ಉಂಟಾಗಿ ಬೆಳೆ ಮಾರಾಟಕ್ಕೆ ಬಾರದಂತಾಗುತ್ತದೆ. ಬಿತ್ತನೆಗೆ ಮುನ್ನ ಬೇವಿನ ಹಿಂಡಿಯನ್ನಾಗಲಿ ಹೊಂಗೆ ಹಿಂಡಿಯನ್ನಾಗಲಿ ಮಣ್ಣಿಗೆ ಬೆರೆಸುವುದರಿಂದ ಈ ಬಾಧೆ ತಗ್ಗುತ್ತದೆ, ಜೊತೆಗೆ ಸಾರಜನಕವೂ ನಿಧಾನವಾಗಿ ದೊರೆಯುತ್ತದೆ. ಭತ್ತ, ರಾಗಿಗಳಂತಹ ಧಾನ್ಯದ ಬೆಳೆಯೊಡನೆ ಸರದಿ ಮಾಡುವುದೂ, ಟೊಮೆಟೊ, ಬದನೆ, ಬೆಂಡೆ ಬೆಳೆದ ತಾಕನ್ನು ತಪ್ಪಿಸುವುದೂ ಇದಕ್ಕೆ ಪೂರಕ.

ಎರಡನೆಯದು ಎಲೆಯ ರಕ್ಷಣೆ. ಸಸ್ಯಹೇನು, ಜಿಗಿಹುಳುಗಳು ಎಲೆಯ ರಸ ಹೀರಿದರೆ ಬೇರಿಗೆ ಆಹಾರ ಇಳಿಯುವುದಿಲ್ಲ. ಇದಕ್ಕೆ ಶೇ 5ರ ಬೇವಿನ ಬೀಜದ ಕಷಾಯ ಉಪಯುಕ್ತ. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸುಮಾರು 100 ಗ್ರಾಂ ಸಾಬೂನು ಪುಡಿಯೊಡನೆ 100 ಲೀಟರ್ ಆಗುವಂತೆ ನೀರು ಬೆರೆಸಬೇಕು. ಇದರಲ್ಲಿರುವ ಅಜಾಡಿರಾಕ್ಟಿನ್ ಕೀಟವನ್ನು ತಕ್ಷಣ ಕೊಲ್ಲುವುದಿಲ್ಲ. ಅದರ ಹಸಿವನ್ನು ಕುಂದಿಸಿ, ಪೊರೆ ಕಳಚುವಿಕೆಯನ್ನು ಕೆಡಿಸುತ್ತದೆ. ಆದುದರಿಂದ ಕೀಟಗಳು ಕಂಡ ಆರಂಭದಲ್ಲೇ ಬಳಸಬೇಕು. ಬಿಸಿಲಿಗೆ ಈ ಅಂಶ ಬೇಗ ನಾಶವಾಗುವುದರಿಂದ ಸಂಜೆಯ ವೇಳೆ ಸಿಂಪಡಿಸುವುದು ಲೇಸು. ಮೇ–ಜುಲೈನಲ್ಲಿ ಆಯ್ದು ನೆರಳಿನಲ್ಲಿ ಒಣಗಿಸಿದ ಬೀಜ ಚಳಿಗಾಲದ ಬೆಳೆಗೆ ಸರಿಯಾಗಿ ಒದಗುತ್ತದೆ. ವರ್ಷ ದಾಟಿದ, ಬೂಸಲು ಹಿಡಿದ ಬೀಜದಲ್ಲಿ ಸತ್ವವಿರದು. ಕಷಾಯ ತಯಾರಿಸಲು ಅನುಕೂಲವಿಲ್ಲದವರಿಗೆ ಮೇಲೆ ಹೇಳಿದ ಸಂಶೋಧನಾ ಸಂಸ್ಥೆಯೇ ರೂಪಿಸಿದ ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನುಗಳೂ ಉಂಟು.

ಮೂರನೆಯದು ಬೆಳವಣಿಗೆಯ ಪ್ರಚೋದನೆ. ನುಗ್ಗೆ ಸೊಪ್ಪಿನಲ್ಲಿ ಝಿಯಾಟಿನ್ ಎಂಬ ಸಸ್ಯಚೋದಕವಿದೆ. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ನಡೆದ ಪ್ರಯೋಗಗಳಿಂದ ಇದರ ಬಳಕೆ ಜಗತ್ತಿಗೆ ಪರಿಚಯವಾಯಿತು. ಎಳೆಯ ಸೊಪ್ಪನ್ನು ಅರೆದು ಹಿಂಡಿದ 1 ಪಾಲು ರಸಕ್ಕೆ ಸುಮಾರು 30 ಪಾಲು ನೀರು ಬೆರೆಸಿ, ಕೆಲವೇ ಗಂಟೆಗಳೊಳಗೆ ಸಿಂಪಡಿಸಬೇಕು, ಇಟ್ಟರೆ ಹುಳಿಯುತ್ತದೆ. ಸಮುದ್ರಪಾಚಿಯ ಸಾರವೂ ಇದೇ ಗುಂಪಿನದು. ಇವು ಗೊಬ್ಬರವಲ್ಲ, ಗಿಡಕ್ಕೆ ಚುರುಕು ನೀಡುವ ಪೂರಕಗಳು ಮಾತ್ರ. ಪೊಟ್ಯಾಷ್ ಇಲ್ಲದ ಮಣ್ಣಿನಲ್ಲಿ ಇವು ಬೇರನ್ನು ದಪ್ಪವಾಗಿಸಲಾರವು. ಸಾರಜನಕ ಅತಿಯಾದ ಹೊಲದಲ್ಲಿ ಸೊಪ್ಪು ಹುಲುಸಾಗಿ ಬೇರು ಸಣ್ಣದಾಗುವುದನ್ನೂ ಇವು ತಡೆಯಲಾರವು. ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ ಅಗತ್ಯ. ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದರ ಬಗ್ಗೆ ಮಾರ್ಗದರ್ಶನ ಪಡೆಯಬಹುದು.

ಗುಣಮಟ್ಟದ ಇನ್ನೆರಡು ದೋಷಗಳಿಗೆ ಯಾವ ರಸದಲ್ಲಿಯೂ ಮದ್ದಿಲ್ಲ. ಬೇರು ಸೀಳುವುದು ಒಣಗಿಸಿ ಒಮ್ಮೆಲೇ ಹೆಚ್ಚು ನೀರು ಹಾಯಿಸುವುದರಿಂದ. ನಾಲೆಯ ನೀರು ಸರದಿಯಲ್ಲಿ ಬರುವ ಕಡೆ ಹನಿ ನೀರಾವರಿಯಾಗಲಿ ಸಣ್ಣ ಸಂಗ್ರಹವಾಗಲಿ ಇದ್ದರೆ ತೇವ ಸಮನಾಗಿರುತ್ತದೆ. ಬೇರಿನ ತಲೆ ಹಸಿರಾಗುವುದು ಬಿಸಿಲು ತಾಗುವುದರಿಂದ. ಬೇರು ದಪ್ಪವಾಗತೊಡಗಿದಾಗ ಬುಡಕ್ಕೆ ಮಣ್ಣು ಏರಿಸಿದರೆ ಸಾಕು.

ಸಸ್ಯಮೂಲದ್ದೆಲ್ಲ ನಿರಪಾಯವೆಂಬ ಭಾವನೆಯೂ ಸಲ್ಲದು. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುವ ವಿಷ. ಮಕ್ಕಳು ಹಸಿಯಾಗಿಯೇ ತಿನ್ನುವ ಕ್ಯಾರೆಟ್ಟಿಗೆ ಅದನ್ನು ಬಳಸದಿರುವುದೇ ಕ್ಷೇಮ. ಬೇವಿನ ಕಷಾಯವೂ ಜಲಚರಗಳಿಗೆ ಹಾನಿಕರವಾಗಬಲ್ಲುದರಿಂದ ಉಳಿದದ್ದನ್ನು ನಾಲೆಗೆ ಚೆಲ್ಲಬಾರದು.

ಕೊನೆಯದಾಗಿ, ಯಾರ ಮಾತನ್ನೂ ಒಮ್ಮೆಲೇ ನಂಬದೆ ತಮ್ಮ ಹೊಲದಲ್ಲೇ ಪರೀಕ್ಷಿಸುವ ಸುಲಭ ಮಾರ್ಗವೊಂದಿದೆ. ಒಂದೇ ತಾಕಿನ ನಾಲ್ಕು ಸಾಲುಗಳಿಗೆ ರಸವನ್ನೂ, ಅವುಗಳ ನಡುವೆ ಬಿಟ್ಟ ಇನ್ನು ನಾಲ್ಕು ಸಾಲುಗಳಿಗೆ ಬರಿಯ ನೀರನ್ನೂ ಸಿಂಪಡಿಸಿರಿ. ಉಳಿದ ಆರೈಕೆ ಒಂದೇ ಆಗಿರಲಿ. ಸುಮಾರು 90ರಿಂದ 100 ದಿನಗಳಲ್ಲಿ ಕಿತ್ತಾಗ ಎರಡನ್ನೂ ಬೇರೆಬೇರೆಯಾಗಿ ತೂಗಿರಿ. ಕವಲಿಲ್ಲದ, ಸೀಳಿಲ್ಲದ, ಮಾರಲು ಯೋಗ್ಯವಾದ ಬೇರುಗಳನ್ನು ಎಣಿಸಿರಿ. ಹೆಚ್ಚಿದ ಫಸಲಿನ ಬೆಲೆ ರಸದ ಖರ್ಚನ್ನೂ ಕೂಲಿಯನ್ನೂ ಮೀರಿದರೆ ಮುಂದಿನ ವರ್ಷ ಇಡೀ ತಾಕಿಗೆ ಬಳಸಬಹುದು. ಮೀರದಿದ್ದರೆ ಆ ಹಣವನ್ನು ಕೊಟ್ಟಿಗೆ ಗೊಬ್ಬರಕ್ಕೆ ತೊಡಗಿಸುವುದು ಲೇಸು. ಒಕ್ಕಲುತನವೆಂಬ ಕಾಯಕದಲ್ಲಿ ದುಡಿಮೆಯಷ್ಟೇ ಲೆಕ್ಕವೂ ಮುಖ್ಯ.