ಮಂದ್ರದ ಮೋಹ

ಚಿಕ್ಕಬಾಣಾವರದ ರೈಲು ನಿಲ್ದಾಣದಲ್ಲಿ ಹೆಗಲಿಗೆ ಉದ್ದನೆಯ ಕರಿಯ ಚೀಲವೊಂದನ್ನು ಏರಿಸಿಕೊಂಡು ನಿಂತವನನ್ನು ಜನ ಸುಮ್ಮನೆ ಬಿಡುವುದಿಲ್ಲ. ತುಮಕೂರಿನ ಕಡೆಯಿಂದ ಬರುವ ಬೆಳಗಿನ ಗಾಡಿಗೆ ಕಾಯುತ್ತಿದ್ದಾಗ ಹಿರಿಯರೊಬ್ಬರು, "ವೀಣೆಯೇ ಸ್ವಾಮಿ?" ಎಂದು ಕೇಳಿದರು. ಅಲ್ಲವೆಂದೆ. "ಹಾಗಾದರೆ ಗಿಟಾರು." ಅದೂ ಪೂರ್ತಿ ನಿಜವಲ್ಲವೆಂದೆ. ಗಾಡಿ ಯಶವಂತಪುರ ಸೇರುವವರೆಗೂ ಬೇಸ್ ಗಿಟಾರ್ ಎಂದರೇನೆಂದು ಅವರಿಗೆ ವಿವರಿಸಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಅವರು ಇಳಿಯುವಾಗ, "ಅಂತೂ ಇದರಲ್ಲಿ ಹಾಡು ನುಡಿಸೋಕೆ ಬರೋಲ್ಲ ಅನ್ನಿ" ಎಂದು ಮರುಕದಿಂದ ನುಡಿದರು.

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೂವತ್ತೈದು ವರ್ಷಗಳಿಗೂ ಮೀರಿ ನಾನು ಸಾಕಿಕೊಂಡು ಬಂದಿರುವ ಹವ್ಯಾಸ ಇದೇ: ಹಾಡನ್ನು ತಾನಾಗಿ ನುಡಿಸಲಾರದ ವಾದ್ಯವನ್ನು ಕೊಳ್ಳುವುದು, ಬಿಚ್ಚುವುದು, ತಿದ್ದುವುದು, ಕೊನೆಗೊಂದು ದಿನ ಇನ್ನೊಬ್ಬರ ಕೈಗೆ ಒಪ್ಪಿಸುವುದು.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ಅವನ್ನು ಶ್ರುತಿ ಮಾಡುತ್ತಾರೆ. ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಕೇವಲ 41 ಬಾರಿ ಕಂಪಿಸುತ್ತದೆ. ಆ ನಾದದ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ನಮ್ಮ ಮನೆಯ ಹಜಾರದ ಉದ್ದ 4 ಮೀಟರು. ನಾನು ಹಜಾರದಲ್ಲಿ ನುಡಿಸಿದರೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಗುಂಯ್‌ಗುಡುತ್ತವೆ. ನಮ್ಮ ಗೃಹಿಣಿ ಸಂಗೀತ ಕಲಿತವಳಲ್ಲ; ಆದರೂ ನಾನು ಯಾವ ತಂತಿಯನ್ನು ಮೀಟುತ್ತಿದ್ದೇನೆಂಬುದನ್ನು ಯಾವ ಪಾತ್ರೆ ಅಲುಗಿತು ಎಂಬುದರಿಂದ ಹೇಳಬಲ್ಲಳು.

ಈ ನಂಟು ಅಂಟಿದ್ದು 1984ರಲ್ಲಿ. ಆಗ ನಾನು ಬಿ.ಎಸ್ಸಿ. ವಿದ್ಯಾರ್ಥಿ. ಗಣೇಶೋತ್ಸವ, ರಾಜ್ಯೋತ್ಸವಗಳು ಬಂದವೆಂದರೆ ಯಶವಂತಪುರ, ಮತ್ತಿಕೆರೆ, ಮಲ್ಲೇಶ್ವರಗಳ ಬೀದಿಗಳಲ್ಲಿ ಚಪ್ಪರ ಎದ್ದು ಆರ್ಕೆಸ್ಟ್ರಾಗಳು ಮೊಳಗುತ್ತಿದ್ದ ಕಾಲ. ಶಂಕರನಾಗ್ ನಿರ್ದೇಶಿಸಿದ 'ಗೀತಾ' 1981ರಲ್ಲಿಯೂ, 'ಪಲ್ಲವಿ ಅನುಪಲ್ಲವಿ' 1983ರಲ್ಲಿಯೂ ಬಂದಿದ್ದವು. ಎರಡಕ್ಕೂ ಸಂಗೀತ ಇಳಯರಾಜ ಅವರದು. ಆ ಹಾಡುಗಳ ಅಡಿಯಲ್ಲಿ ಬೇಸ್ ಗಿಟಾರು ಮೇಲಿನ ರಾಗಕ್ಕೆ ಬರಿಯ ಆಧಾರವಾಗಿ ನಿಲ್ಲದೆ ತನ್ನದೇ ಆದ ಇನ್ನೊಂದು ದಾರಿಯಲ್ಲಿ ನಡೆದು, ಸರಿಯಾದ ತಿರುವಿನಲ್ಲಿ ಬಂದು ಕೂಡಿಕೊಳ್ಳುತ್ತದೆ. ನಾನು ಕೈಚೀಲ ಹೊರುತ್ತಿದ್ದ ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುತ್ತಿದ್ದವರನ್ನು ನಾವೆಲ್ಲ 'ಅಣ್ಣ' ಎಂದೇ ಕರೆಯುತ್ತಿದ್ದೆವು. ಹಗಲು ಕಾರ್ಖಾನೆಯ ಕೆಲಸ, ಸಂಜೆ ವಾದ್ಯ. ಕ್ಯಾಸೆಟ್ಟನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ಒಂದೊಂದು ಸ್ವರವನ್ನೂ ಹೆಕ್ಕಿ ಕಲಿತವರು. ವೇದಿಕೆಯಲ್ಲಿ ಅವರ ಸ್ಥಾನ ಡ್ರಮ್ಮಿನ ಪಕ್ಕದ ಕತ್ತಲು. ಅವರನ್ನು ಯಾರೂ ನೋಡುತ್ತಿರಲಿಲ್ಲ. ಆದರೆ ಒಮ್ಮೆ ಹಾಡಿನ ನಡುವೆ ಅವರ ಕೇಬಲ್ಲು ಕಳಚಿತು. ಗಾಯಕ ಹಾಡುತ್ತಿದ್ದ, ತಬಲ ನಡೆಯುತ್ತಿತ್ತು. ಆದರೂ ಹಾಡಿನ ಕಾಲಡಿಯ ನೆಲ ಕುಸಿದಂತಾಯಿತು. ಜನ ಕಾರಣ ತಿಳಿಯದೆ ತಲೆಯೆತ್ತಿ ನೋಡಿದರು. ಅಂದೇ ನಾನು ಈ ವಾದ್ಯಕ್ಕೆ ಸೋತೆ.

1988ರಲ್ಲಿ ಸಂಸಾರದ ಭಾರ ಹೆಚ್ಚಿ ಅಣ್ಣ ಆರ್ಕೆಸ್ಟ್ರಾ ಬಿಟ್ಟರು. ಗಣಿತದ ಉಪಾಧ್ಯಾಯನಾಗಿ ನನಗೆ ಆಗ ತಾನೆ ಕೆಲಸ ಸಿಕ್ಕಿತ್ತು. ಅವರ ಕಲ್ಕತ್ತೆಯ ಬೇಸನ್ನು 800 ರೂಪಾಯಿಗೆ ಕೊಂಡೆ. ಕೊಡುವಾಗ ಅವರು ಒಂದು ಎಚ್ಚರಿಕೆಯ ಮಾತು ಹೇಳಿದರು: "ಮೂರನೇ ಮೆಟ್ಟಿಲನ್ನ ನಂಬಬೇಡ ಕಣಪ್ಪ. ಒಂಚೂರು ಮೇಲೆ ಹೋಗುತ್ತೆ. ಅದೇ ಸ್ವರ ದಪ್ಪ ತಂತಿಯ ಎಂಟನೇ ಮೆಟ್ಟಿಲಲ್ಲಿ ಸಿಗುತ್ತೆ, ಅಲ್ಲಿಗೆ ಹೋಗು." ವೀಣೆಯ ಮೇಳದ ಮೇಲಿರುವಂತೆ ಗಿಟಾರಿನ ಕೊರಳ ಮೇಲೂ ಲೋಹದ ಮೆಟ್ಟಿಲುಗಳಿರುತ್ತವೆ, ತಯಾರಿಸಿದವನ ಕೈ ಒಂದೆಡೆ ತಪ್ಪಿತ್ತು. ಅಣ್ಣ ಆ ದೋಷವನ್ನು ತಿದ್ದಲು ಹೋಗದೆ, ಅದರ ಸುತ್ತ ಬಳಸಿ ನಡೆಯುವುದನ್ನು ಕಲಿತಿದ್ದರು.

ಮೆಟ್ಟಿಲುಗಳಿಗೂ ಈ ವಾದ್ಯದ ಹುಟ್ಟಿಗೂ ಹತ್ತಿರದ ಸಂಬಂಧವಿದೆ. ಅದಕ್ಕೆ ಮುಂಚೆ ಮಂದ್ರ ನುಡಿಸಬೇಕಾದವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ಊರೂರು ಅಲೆಯಬೇಕಾಗಿತ್ತು. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೊ ಫೆಂಡರ್ 1951ರಲ್ಲಿ ಹೆಗಲಿಗೆ ತಗುಲಿಸಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದ. ಆತನಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಮೆಟ್ಟಿಲುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಹೊರಡುತ್ತದೆಂದು ಅದಕ್ಕೆ 'ಪ್ರಿಸಿಷನ್' ಎಂದು ಹೆಸರಿಟ್ಟ. ತಂತಿಯ ಉದ್ದ 34 ಅಂಗುಲ, ಮೆಟ್ಟಿಲುಗಳು 20. ಇಂದಿಗೂ ಲೋಕದ ಬಹುಪಾಲು ಬೇಸುಗಳಿಗೆ ಆ 34 ಅಂಗುಲವೇ ಅಳತೆ.

ಒಂದು ಬಂದ ಮನೆಗೆ ಎರಡನೆಯದು ಬರುವುದು ತಡವಲ್ಲ. 1999ರಲ್ಲಿ ನಾವು ಚಿಕ್ಕಬಾಣಾವರದ ಕೆರೆಗೆ ಅನತಿ ದೂರದಲ್ಲಿ ಚಿಕ್ಕ ಮನೆ ಕಟ್ಟಿಕೊಂಡು ಬಂದಾಗ ಮೂರಿದ್ದವು. ಹತ್ತು ವರ್ಷಗಳಲ್ಲಿ ಏಳಾದವು. ಒಂದರ ಕೊರಳು ಬಾಗಿತ್ತು, ಇನ್ನೊಂದು ಮಳೆಯಲ್ಲಿ ನೆನೆದಿತ್ತು. ಉದ್ಯೋಗ ಬದಲಿಸಿ ಊರು ಬಿಡುವವರೊಬ್ಬರಿಂದ ಜಪಾನಿನ ಸೊಗಸಾದ ಬೇಸೊಂದು ಬಂತು. ಅದರ ಕೊರಳ ಮೇಲಿನ ಹಲಗೆ ಬೀಟೆ. ಮೈಸೂರಿನ ವೀಣೆಗಳಿಗೆ ಮೈಕೊಟ್ಟ ಮರವೇ ಅದು. ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ನಿಷೇಧ ಬಿದ್ದ ಮೇಲೆ ಗಿಟಾರು ತಯಾರಕರಿಗೆ ನಮ್ಮ ಮಲೆನಾಡಿನ ಜಾತಿಯ ಮೇಲೆ ಇನ್ನಷ್ಟು ಪ್ರೀತಿ ಹುಟ್ಟಿತು. 2017ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಪರವಾನಗಿಯ ಕಟ್ಟು ಬಂದು, 2019ರಲ್ಲಿ ಸಿದ್ಧ ವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಜಪಾನಿನಿಂದ ಬಂದ ವಾದ್ಯದ ಮೇಲೆ ಬೆರಳಾಡಿಸುವಾಗ ನೆಂಟರ ಮನೆಯಲ್ಲಿ ನಮ್ಮೂರಿನವರು ಎದುರಾದಂತೆ ನನಗೆ ಅನ್ನಿಸುತ್ತಿತ್ತು.

ಆದರೆ ಉಪಾಧ್ಯಾಯನಿಗೆ ತಿದ್ದುವುದೊಂದು ಚಟ. ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಸಂಜೆ ಸ್ಕ್ರೂಡ್ರೈವರ್ ಹಿಡಿಯುತ್ತಿತ್ತು. ತಂತಿಯ ಕೆಳಗೆ ಅಯಸ್ಕಾಂತದ ಸುತ್ತ ತಾಮ್ರದ ಸುರುಳಿಯಿರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ಮುಂದೆ ಸ್ಪೀಕರಿನಲ್ಲಿ ನಾದವಾಗುವುದು. ಸುರುಳಿ ಸುಟ್ಟ ಬೇಸೊಂದನ್ನು ಪೀಣ್ಯದ ಮೋಟರ್ ರಿವೈಂಡಿಂಗ್ ಅಂಗಡಿಗೆ ಒಯ್ದೆ. 0.06 ಮಿಲಿಮೀಟರಿನ ತಂತಿ, ಸುಮಾರು 10,000 ಸುತ್ತು ಎಂದು ಕೇಳಿ ಅಂಗಡಿಯಾತ ಕೈಮುಗಿದ. ಕೊನೆಗೆ ಅತ್ತೆಯವರ ಹೊಲಿಗೆಯಂತ್ರದ ಚಕ್ರಕ್ಕೆ ಸುರುಳಿಯನ್ನು ಕಟ್ಟಿ ನಾನೇ ಸುತ್ತಿದೆ. ಲೆಕ್ಕವಿಡಲು ಹಳೆಯ ಕ್ಯಾಲ್ಕುಲೇಟರಿಗೆ ಒಂದನ್ನು ಕೂಡಿಸುತ್ತ ಹೋಗುವಂತೆ ಹೇಳಿ, ಅದರ ಸಮಚಿಹ್ನೆಯ ಗುಂಡಿಗೆ ಸಣ್ಣದೊಂದು ಸ್ವಿಚ್ಚು ಬೆಸೆದು, ಚಕ್ರಕ್ಕೆ ಅಯಸ್ಕಾಂತ ಅಂಟಿಸಿದೆ. ಸುತ್ತಿಗೊಂದರಂತೆ ಅಂಕಿ ಏರುತ್ತಿತ್ತು. 7,000 ದಾಟಿದ ಮೇಲೆ ತಂತಿ ಕಡಿಯಿತು. ಮತ್ತೆ ಒಂದರಿಂದ ಮೊದಲು. ತಂತಿಗಳು ದುಬಾರಿಯಾಗಿದ್ದ ದಿನಗಳಲ್ಲಿ ಹಳೆಯ ತಂತಿಗಳನ್ನೇ ನೀರಿನಲ್ಲಿ ಕುದಿಸಿ, ಬೆವರಿನ ಜಿಡ್ಡು ಬಿಡಿಸಿ ಮರಳಿ ಕಟ್ಟುತ್ತಿದ್ದೆ. ಅದಕ್ಕೆ ಬಳಸಿದ್ದು ಸಾರಿನ ಪಾತ್ರೆಯೆಂಬುದು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ.

ಇವೆಲ್ಲ ನಗುವ ವಿಷಯ. ನಗಲಾಗದ್ದೊಂದಿದೆ.

1996ರಲ್ಲಿ ಮಿತ್ರರೊಬ್ಬರು ಜಾಕೊ ಪಾಸ್ಟೋರಿಯಸ್‌ನ ಕ್ಯಾಸೆಟ್ ತಂದುಕೊಟ್ಟರು. ಮೆಟ್ಟಿಲಿಲ್ಲದ ಬೇಸಿಗೆ ಲೋಕದಲ್ಲಿ ಹೆಸರು ತಂದ ಅಮೆರಿಕದ ವಾದಕ ಆತ. ತನ್ನ 1962ರ ಬೇಸಿನ ಮೆಟ್ಟಿಲುಗಳನ್ನು ತಾನೇ ಕಿತ್ತು, ಸಂದುಗಳನ್ನು ಮುಚ್ಚಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದೆನೆಂದು ಹೇಳಿಕೊಂಡಿದ್ದ. ಆ ವಾದ್ಯ 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳವಾಯಿತು; ಮರುವರ್ಷ ಆತನೂ ತೀರಿಕೊಂಡ. ಸುಮಾರು ಎರಡು ದಶಕಗಳ ಮೇಲೆ ವಾದ್ಯ ಮಾತ್ರ ಪತ್ತೆಯಾಯಿತು. ಸ್ವರದಿಂದ ಸ್ವರಕ್ಕೆ ಜಾರುವ ಆ ನಾದವನ್ನು ಕೇಳಿದಾಗ ನನಗೆ ನಮ್ಮ ಗಮಕವೇ ನೆನಪಾಯಿತು. ವೀಣೆಯಲ್ಲಿ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು ಗಮಕ ತರಬಹುದು; ಬೇಸಿನ ದಪ್ಪ ತಂತಿ ಅಷ್ಟು ಬಗ್ಗುವುದಿಲ್ಲ. ಮೆಟ್ಟಿಲೇ ಇಲ್ಲವಾದರೆ? ಅಣ್ಣನ ಬೇಸಿನ ಮೂರನೆಯ ಮೆಟ್ಟಿಲು ಹೇಗೂ ಸುಳ್ಳು. ತರ್ಕ ಅಚ್ಚುಕಟ್ಟಾಗಿತ್ತು. ಬೆಸುಗೆಯ ಕಡ್ಡಿಯಿಂದ ಕಾಯಿಸಿ, ಇಕ್ಕಳದಿಂದ ಒಂದೊಂದಾಗಿ 20 ಮೆಟ್ಟಿಲುಗಳನ್ನೂ ಕಿತ್ತೆ. ಸಂದುಗಳಿಗೆ ಮರದ ತೆಳುಪಟ್ಟಿ ತುಂಬಿ ಮರಳುಕಾಗದದಲ್ಲಿ ಉಜ್ಜಿದಾಗ ಹಲಗೆಯ ಕರಿಯ ಬಣ್ಣವೂ ಕಾಗದಕ್ಕೆ ಹತ್ತಿಕೊಂಡಿತು; ಅದು ಬೀಟೆಯಲ್ಲ, ಬಣ್ಣ ಬಳಿದ ಸಾಧಾರಣ ಮರ. ಕಿತ್ತ ಮೆಟ್ಟಿಲುಗಳನ್ನು ಎಸೆದೆ. ಕೆಲವು ತಿಂಗಳು ಹುಮ್ಮಸ್ಸಿನಿಂದ ನುಡಿಸಿದೆ. ಗಮಕ ಅಷ್ಟು ಸುಲಭಕ್ಕೆ ಒಲಿಯುವುದಲ್ಲ. ವಾದ್ಯ ಗೋಡೆ ಸೇರಿತು.

ಕಾಲ ಕಳೆದಂತೆ ವಾದ್ಯಗಳು ಒಂದೊಂದಾಗಿ ಹೊರಟವು. ಜಪಾನಿನದು 2009ರಲ್ಲಿ ಮಗಳ ಕಾಲೇಜಿನ ಶುಲ್ಕಕ್ಕಾಗಿ ಹೋಯಿತು. ಕೊಂಡವರ ಕಾರು ಹೆಸರಘಟ್ಟ ರಸ್ತೆಗೆ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಅಂದು ರಾತ್ರಿ ಊಟ ರುಚಿಸಲಿಲ್ಲ. ಇನ್ನೊಂದನ್ನು ಸೋಲದೇವನಹಳ್ಳಿಯ ಕಡೆ ನರ್ಸಿಂಗ್ ಓದುತ್ತಿದ್ದ ಮಿಜೋರಂನ ಹುಡುಗನೊಬ್ಬ ಚರ್ಚಿನ ಹಾಡಿಗೆಂದು ಕೊಂಡ. ಐದು ಕಂತುಗಳಲ್ಲಿ ಹಣ ಕೊಟ್ಟ. ಪ್ರತಿ ಕಂತಿಗೂ ಬಂದು ಒಂದು ಗಂಟೆ ನುಡಿಸಿ ಹೋದ. ನನ್ನ ಕೈಯಲ್ಲಿ ಎಂದೂ ಹೊರಡದ ನಾದ ಅವನ ಕೈಯಲ್ಲಿ ಹೊರಟಿತು. ಅಗಲಿಕೆ ಎಲ್ಲ ಬಾರಿಯೂ ನಷ್ಟವಲ್ಲವೆಂದು ಅವನಿಂದ ತಿಳಿದೆ.

ಹೀಗಿರಲು 2018ರಲ್ಲಿ ಒಂದು ಭಾನುವಾರ ಅಣ್ಣ ಬಂದರು. ತಲೆ ಪೂರ್ತಿ ನೆರೆತಿತ್ತು. ಕಾಫಿಯಾದ ಮೇಲೆ ಸಂಕೋಚದಿಂದ, "ನನ್ನ ಬೇಸು ಇದೆಯೇನಪ್ಪ? ಒಂದು ಸಲ ಹಿಡಿದು ನೋಡೋಣ ಅಂತ" ಎಂದರು. ಇಲ್ಲವೆನ್ನುವಂತಿರಲಿಲ್ಲ, ಅದು ಗೋಡೆಯ ಮೇಲೆಯೇ ಇತ್ತು. ಇಳಿಸಿಕೊಟ್ಟೆ. ಅವರು ಕೊರಳ ಮೇಲೆ ಬೆರಳು ಸವರಿದರು. ಏನೂ ಹೇಳಲಿಲ್ಲ. ಹಳೆಯ ಹಾಡೊಂದರ ಎತ್ತುಗಡೆ ಹಿಡಿದರು. ಇಲ್ಲದ ಮೆಟ್ಟಿಲುಗಳನ್ನು ಬೆರಳುಗಳು ಹುಡುಕಿದವು, ಸ್ವರಗಳು ತಪ್ಪಿದವು. ಮೂರನೆಯ ಮೆಟ್ಟಿಲಿದ್ದ ಎಡೆ ಬಂದಾಗ ಕೈ ತಾನಾಗಿ ಎಂಟನೆಯದಕ್ಕೆ ಹಾರಿತು. ತಪ್ಪು ಹೋದರೂ ತಪ್ಪನ್ನು ಬಳಸಿ ನಡೆಯುವ ಅಭ್ಯಾಸ ಅವರಲ್ಲಿ ಉಳಿದಿತ್ತು. "ಚೆನ್ನಾಗಿ ಇಟ್ಕೊಂಡಿದೀಯ" ಎಂದು ಹೇಳಿ ವಾದ್ಯವನ್ನು ಹಿಂದಿರುಗಿಸಿ ಹೊರಟರು. ಆ ಮೆಚ್ಚುಗೆಯ ಮಾತಿಗಿಂತ ಎರಡು ಏಟು ಹಾಕಿದ್ದರೆ ಹಗುರವಾಗುತ್ತಿತ್ತು.

ಹಣ ಕೊಟ್ಟು ಕೊಂಡದ್ದು, ಆದ್ದರಿಂದ ನನ್ನದು ಎಂದು ನಾನು ತಿಳಿದಿದ್ದೆ. ಆದರೆ ಆ ವಾದ್ಯದಲ್ಲಿ ಒಬ್ಬ ಮನುಷ್ಯನ ಹದಿನೈದು ವರ್ಷಗಳ ಸಂಜೆಗಳಿದ್ದವು. ನಾನು ಇಕ್ಕಳದಿಂದ ಕಿತ್ತದ್ದು ಅವನ್ನು.

ಮರುವಾರವೇ ಕೆಲಸ ಹಿಡಿದೆ. ತುಂಬಿದ್ದ ಸಂದುಗಳನ್ನು ಸಣ್ಣ ಗರಗಸದಿಂದ ಮತ್ತೆ ಬಿಡಿಸಿದೆ. ಮೆಟ್ಟಿಲುಗಳ ಸ್ಥಾನಕ್ಕೆ ಲೆಕ್ಕವಿದೆ. 34 ಅಂಗುಲದ ತಂತಿಗೆ ಮೊದಲನೆಯದು 48.5 ಮಿಲಿಮೀಟರಿಗೆ, ಮೂರನೆಯದು 137.4ಕ್ಕೆ, ಹನ್ನೆರಡನೆಯದು ಸರಿಯಾಗಿ ನಡುವಿಗೆ ಬರಬೇಕು. ಅಳೆದು ನೋಡಿದೆ. ಮೂರನೆಯ ಗೆರೆ ಸುಮಾರು 4 ಮಿಲಿಮೀಟರು ಮುಂದಿತ್ತು. ಸರಿಯಾದ ಜಾಗದಲ್ಲಿ ಹೊಸ ಸಂದು ಕೊಯ್ಯುವುದು ಹತ್ತು ನಿಮಿಷದ ಕೆಲಸ. ಗರಗಸವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಮೂವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದವನು ಅಂದು ಒಂದು ತಪ್ಪನ್ನು ತಪ್ಪಾಗಿಯೇ ಬಿಟ್ಟೆ. ಹೊಸ ಮೆಟ್ಟಿಲುಗಳನ್ನು ಬಡಿದು ಕೂರಿಸಿ, ಮಟ್ಟ ನೋಡಿ ಅರ ಹಾಕಿ, ಹಲಗೆಗೆ ಮತ್ತೆ ಕರಿಯ ಬಣ್ಣ ಕೊಟ್ಟೆ. ಮೂರು ತಿಂಗಳು ಹಿಡಿಯಿತು.

ಟಿ. ದಾಸರಹಳ್ಳಿಯ ಅವರ ಮನೆಗೆ ಒಯ್ದೆ. ಅಣ್ಣ ಶ್ರುತಿ ಮಾಡಿಕೊಂಡು ಮೆಲ್ಲಗೆ ನುಡಿಸಿದರು. ಒಂದೆರಡು ಸಾಲಾದ ಮೇಲೆ, ಬೇಕೆಂದೇ ಮೂರನೆಯ ಮೆಟ್ಟಿಲನ್ನು ಒತ್ತಿ ಕಿವಿಗೊಟ್ಟರು. ಮುಖ ಅರಳಿತು. "ನೋಡಿದೆಯಾ, ಇನ್ನೂ ಸುಳ್ಳೇ ಹೇಳುತ್ತೆ ಬಡ್ಡೀಮಗಂದು!" ಎಂದರು.

ವಾದ್ಯವನ್ನು ಅಲ್ಲಿಯೇ ಬಿಟ್ಟು ಬಂದೆ. ಈಗ ನಮ್ಮ ಮನೆಯಲ್ಲಿ ಉಳಿದಿರುವುದು ಒಂದೇ ಬೇಸು. ಅದರ ಒಂದು ತಿರುಪನ್ನೂ ನಾನು ಬಿಚ್ಚಿಲ್ಲ. ಅಂದು ಮನೆಗೆ ಬಂದಾಗ ಮನೆಯವಳು ಖಾಲಿ ಚೀಲವನ್ನು ನೋಡಿ, "ಎಷ್ಟು ಕೊಟ್ಟರು ರೀ?" ಎಂದು ಕೇಳಿದಳು. "ತೀರಿಸಿ ಬಂದೆ" ಎಂದೆ. ಅವಳು ಮತ್ತೇನೂ ಕೇಳದೆ ತಟ್ಟೆ ಹಾಕಿದಳು.