ಮೀಟರ್ ಎರಡು ಲಕ್ಷ ದಾಟಿದ ಕಾರು: ಮಳೆಗೆ ಮುಂಚೆ, ಘಾಟಿ ಇಳಿಯೋ ಮುಂಚೆ ದುಡ್ಡು ಎಲ್ಲಿಗೆ ಹಾಕಬೇಕು?

ಸಕಲೇಶಪುರ: ತಾಲ್ಲೂಕಿನಲ್ಲಿ ಓಡಾಡುವ ಕಾರುಗಳ ಮೀಟರ್ ಬಗ್ಗಿ ನೋಡಿದರೆ ಒಂದೂವರೆ ಲಕ್ಷ, ಎರಡು ಲಕ್ಷ ಕಿಲೋಮೀಟರ್ ಅನ್ನೋದು ದೊಡ್ಡ ಸುದ್ದಿಯೇ ಅಲ್ಲ. ಹಾಸನದಿಂದ ಅಂಗಡಿಗೆ ಸಾಮಾನು ತರುವ ಓಮ್ನಿ, ತೋಟದಿಂದ ಮೆಣಸಿನ ಮೂಟೆ ಹೊರುವ ಹಳೇ ಸುಮೋ, ಮಂಗಳೂರು ಆಸ್ಪತ್ರೆಗೆ ಬಾಡಿಗೆ ಹೋಗುವ ಡಿಸೈರ್, ಎಲ್ಲವೂ ಆ ಲೆಕ್ಕದವೇ. ಗಾಡಿ ಹಳೇದಾಯ್ತು ಅಂತ ಮಾರಿದರೆ ಸಿಗೋ ದುಡ್ಡು ಅಷ್ಟಕ್ಕಷ್ಟೇ. ಹೊಸದು ತಗೊಳ್ಳೋಣ ಅಂದರೆ ತಿಂಗಳ ಕಂತು. ಹಾಗಾಗಿ ಇರೋ ಗಾಡಿಯನ್ನೇ ಇನ್ನೂ ನಾಲ್ಕೈದು ವರ್ಷ ಓಡಿಸೋದು ಅಂತ ಹೆಚ್ಚಿನವರು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನದಲ್ಲಿ ತಪ್ಪೇನೂ ಇಲ್ಲ.

ತಪ್ಪಾಗೋದು ಖರ್ಚಿನ ಸಾಲಿನಲ್ಲಿ. ಸೀಟ್ ಕವರ್, ಸ್ಪೀಕರ್, ಪಾಲಿಶ್‌ಗೆ ದುಡ್ಡು ಬಿಚ್ಚುವ ಕೈ ಬ್ರೇಕ್ ಆಯಿಲ್ ಬದಲಿಸಬೇಕು ಅಂದಾಗ "ಚೆನ್ನಾಗೇ ಹಿಡೀತಿದೆಯಲ್ಲ" ಅನ್ನುತ್ತದೆ. ಸಮತಟ್ಟು ಊರಲ್ಲಾದರೆ ಇದು ಹೇಗೋ ನಡೆದು ಹೋಗುತ್ತೆ. ಆದರೆ ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಷ್ಟರಲ್ಲಿ ಆ ಎತ್ತರದ ಬಹುಪಾಲು ಮುಗಿದಿರುತ್ತದೆ. ರಾತ್ರಿ ಹಿಂದಿನ ಸೀಟಿನಲ್ಲಿ ರೋಗಿಯನ್ನು ಮಲಗಿಸಿಕೊಂಡು, ಹೊರಗೆ ಜಡಿಮಳೆ ಸುರೀತಿರುವಾಗ, ಬಾನೆಟ್‌ನಿಂದ ಹಬೆ ಎದ್ದರೆ ಅಥವಾ ಬ್ರೇಕ್ ಪೆಡಲ್ ಮೆತ್ತಗಾದರೆ ಸ್ಪೀಕರ್ ಏನೂ ಉಪಯೋಗಕ್ಕೆ ಬರಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಹಳೇ ಗಾಡಿ ಕೈಕೊಡೋದು ಬಹಳ ಸಲ ಕಬ್ಬಿಣದ ದೆಸೆಯಿಂದಲ್ಲ, ರಬ್ಬರ್ ಮತ್ತು ದ್ರವಗಳ ದೆಸೆಯಿಂದ. ಇವು ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ ಸವೆಯುವುದಿಲ್ಲ, ವರ್ಷದ ಲೆಕ್ಕದಲ್ಲೂ ಹಾಳಾಗುತ್ತವೆ. "ನಮ್ಮದು ಶೆಡ್ಡಲ್ಲೇ ನಿಂತಿರುತ್ತೆ, ಏನಾಗುತ್ತೆ" ಅನ್ನುವವರ ಗಾಡಿಯ ಹೋಸ್ ಪೈಪೂ ಒಣಗಿ ಬಿರಿಯುತ್ತದೆ.

ರೇಡಿಯೇಟರ್‌ಗೆ ನೀರು ಸಾಕಾಗಲ್ಲ

ಕೂಲೆಂಟ್ ಅಂದರೆ ಬರೀ ಬಣ್ಣದ ನೀರಲ್ಲ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ, ಜೊತೆಗೆ ಕುದಿಯುವ ಬಿಂದುವನ್ನೂ ಅದು ಮೇಲಕ್ಕೆ ಏರಿಸುತ್ತದೆ. ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಅದರ ಉಪ್ಪಿನಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಸಿಯಾಗಿ ಕೂರುತ್ತದೆ. ತೋಟದ ಹೊಳೆ ನೀರಲ್ಲಿ ಉಪ್ಪು ಕಡಿಮೆ ಇರಬಹುದು, ಆದರೆ ತುಕ್ಕು ತಡೆಯುವ ಗುಣ ಅದಕ್ಕೂ ಇಲ್ಲ. ನಾಲ್ಕೈದು ವರ್ಷ ಹೀಗೇ ನಡೆದರೆ ವಾಟರ್ ಪಂಪ್, ಥರ್ಮೋಸ್ಟಾಟ್ ಒಂದೊಂದಾಗಿ ಹೋಗುತ್ತವೆ. ಕೊನೆಗೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದರೆ ಹೆಡ್ ಬಿಚ್ಚಿ ಲೇತ್‌ಗೆ ಕಳಿಸಬೇಕಾಗುತ್ತೆ. ಕೂಲೆಂಟ್ ಖರ್ಚು ನೂರರ ಲೆಕ್ಕದಲ್ಲಿದ್ದರೆ ಈ ಕೆಲಸ ಹತ್ತಾರು ಸಾವಿರದ್ದು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಡಲ್ಲ. ಅದರಲ್ಲಿರುವ ಸ್ಪ್ರಿಂಗ್ ಮತ್ತು ರಬ್ಬರ್ ಒಳಗಿನ ಒತ್ತಡವನ್ನು ಹಿಡಿದಿಡುತ್ತವೆ. ಒತ್ತಡ ಇರೋದರಿಂದಲೇ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯಲ್ಲ. ರಬ್ಬರ್ ಸೀಳಿದ್ದರೆ ಊರೊಳಗೆ ಏನೂ ಗೊತ್ತಾಗಲ್ಲ, ಗುಂಡ್ಯದಿಂದ ಲೋಡ್ ಹಾಕಿಕೊಂಡು ಹತ್ತುವಾಗ ಗೊತ್ತಾಗುತ್ತೆ. ಹಳೇ ಗಾಡಿಗೆ ಹೊಸ ಮುಚ್ಚಳ ಹಾಕಿಸೋದು ಬಹಳ ಅಗ್ಗದ ಕೆಲಸ.

ಕೂಲೆಂಟ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದೆಯಾ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದೆಯಾ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಾಣುತ್ತಿದೆಯಾ? ಹಾಗಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆದರೆ ನಮ್ಮ ಕಡೆ ಚಳಿ, ಮಂಜು ಜಾಸ್ತಿ. ಬರೀ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ಕೆನೆ ಕಂಡರೆ ಅದು ತೇವ ಕೂತದ್ದೂ ಇರಬಹುದು. ಅದನ್ನು ನೋಡಿ ಹೆಡ್ ಬಿಚ್ಚಿಸಲು ಓಡಬೇಡಿ. ದೂರ ಓಡಿಸಿದ ಮೇಲೆ ಮತ್ತೆ ನೋಡಿ.

ಹತ್ತುವಾಗ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಎಂಜಿನ್ನಿನ ಸ್ವಲ್ಪ ಬಿಸಿ ಕ್ಯಾಬಿನ್ ಕಡೆಯಿಂದ ಹೊರ ಹೋಗುತ್ತದೆ. ಆಮೇಲೆ ಜಾಗ ನೋಡಿ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು. ಕುದಿವ ನೀರು ನೇರ ಮುಖಕ್ಕೆ ಹಾರುತ್ತದೆ.

ಬ್ರೇಕ್ ಆಯಿಲ್ ನೀರು ಕುಡಿಯುತ್ತೆ

ಇದು ಮಲೆನಾಡಿನವರು ಎಲ್ಲರಿಗಿಂತ ಮೊದಲು ತಿಳಿಯಬೇಕಾದ ಮಾತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಕಾರುಗಳಿಗೆ ಸಾಮಾನ್ಯವಾಗಿ ಹಾಕುವ ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಕುಡಿದ ಸ್ಥಿತಿಯಲ್ಲಿ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ತುಳಿಯುತ್ತಾ ಇಳಿದರೆ ಡಿಸ್ಕ್ ಈ ಬಿಸಿಯನ್ನು ಸುಲಭವಾಗಿ ದಾಟುತ್ತದೆ, ಆ ಬಿಸಿ ಆಯಿಲ್‌ಗೂ ಮುಟ್ಟುತ್ತದೆ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಗುಳ್ಳೆ ಒತ್ತಿದರೆ ಕುಗ್ಗುತ್ತೆ, ಚಕ್ರ ಹಿಡಿಯಲ್ಲ. ಪೆಡಲ್ ಹೋಗಿ ಮ್ಯಾಟ್‌ಗೆ ತಾಗುತ್ತೆ. ಅರ್ಧ ಗಂಟೆ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುವುದರಿಂದ "ಏನೂ ಪ್ರಾಬ್ಲಂ ಇರಲಿಲ್ಲ" ಅಂತ ಎಷ್ಟೋ ಜನ ಹಾಗೇ ಬಿಟ್ಟುಬಿಡುತ್ತಾರೆ.

ಎರಡು ವರ್ಷಕ್ಕೊಮ್ಮೆ ಹಳೇದನ್ನು ಪೂರ್ತಿ ತೆಗೆದು ಹೊಸದು ತುಂಬಿಸಿ, ನಾಲ್ಕೂ ಚಕ್ರದಿಂದ ಏರ್ ತೆಗೆಸಿದರೆ ಈ ಭಯ ಬಹುಪಾಲು ಕಡಿಮೆಯಾಗುತ್ತೆ. ಮೇಲಿಂದ ಟಾಪ್-ಅಪ್ ಮಾಡಿದರೆ ಸಾಲದು, ಕೆಳಗಿನ ಹಳೇ ಆಯಿಲ್ ಹಾಗೇ ಇರುತ್ತೆ. ಬಾಯಿ ಒಡೆದು ವರ್ಷದಿಂದ ಶೆಲ್ಫ್ ಮೇಲೆ ಕೂತಿರುವ ಬಾಟಲಿಯಿಂದ ಹಾಕಿಸಲೂಬೇಡಿ, ಅದು ಅಲ್ಲೇ ಅರ್ಧ ತೇವ ಕುಡಿದಿರುತ್ತದೆ.

ಇದರ ಜೊತೆಗೆ ಇಳಿಯುವ ರೀತಿಯೂ ಮುಖ್ಯ. ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಇದು ಉಲ್ಟಾ ಲೆಕ್ಕ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್‌ಗೆ ಇಂಧನ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡಲ್ ಓಡಿಸೋಕೆ ಡೀಸೆಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಇನ್ನು ಕೀ ಆಫ್ ಮಾಡಿ ಇಳಿಸುವವರ ಕಥೆಯೇ ಬೇರೆ. ನಾಲ್ಕು ಸಲ ತುಳಿಯುವಷ್ಟರಲ್ಲಿ ಬ್ರೇಕಿನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅನ್ನೋ ಹಳೇ ಡ್ರೈವರ್‌ಗಳ ಲೆಕ್ಕವೇ ಸರಿ.

ಟೈಮಿಂಗ್ ಬೆಲ್ಟಾ, ಚೈನಾ?

ನಿಮ್ಮ ಗಾಡಿಯಲ್ಲಿ ಇರೋದು ಯಾವುದು ಅಂತ ಇವತ್ತೇ ತಿಳಿದುಕೊಳ್ಳಿ. ಹಳೇ 2.5 ಲೀಟರ್ ಡೀಸೆಲ್ ಇನ್ನೋವಾ, 1.5 ಡೀಸೆಲ್ ಡಸ್ಟರ್, ಹಳೇ ಇಂಡಿಕಾ ಡೀಸೆಲ್, ಓಮ್ನಿ, ಆಲ್ಟೊ 800, ಇವುಗಳಲ್ಲಿ ಇರೋದು ರಬ್ಬರ್ ಬೆಲ್ಟ್. 1.3 ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳಲ್ಲಿ ಚೈನ್. ಬೆಲ್ಟ್ ತುಂಡಾಗುವ ಮುಂಚೆ ಸದ್ದು ಮಾಡಿ ಹೇಳಲ್ಲ. ಒಂದು ಕ್ಷಣ ಗಾಡಿ ಓಡುತ್ತಿರುತ್ತೆ, ಮರುಕ್ಷಣ ಎಂಜಿನ್ ನಿಂತಿರುತ್ತೆ. ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ ಅಷ್ಟರಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಬಡಿದಾಗಿರುತ್ತದೆ. ಗಾಡಿಯ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ ಅಂತ ಬರೆದಿರುತ್ತೆ, ಯಾವುದು ಮೊದಲು ಬರುತ್ತೋ ಆಗ ಬದಲಿಸಬೇಕು. ಟೆನ್ಷನರ್ ಬೇರಿಂಗ್ ಕೂಡ ಅದರ ಜೊತೆಗೇ. ಹಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಬಿಚ್ಚೋ ಕೂಲಿ ಒಂದೇ, ಪಂಪೂ ಹಾಕಿಸಿ ಮುಗಿಸೋದು ಲಾಭ.

ಚೈನ್ ಇದ್ದವರಿಗೆ ಈ ಭಯ ಕಡಿಮೆ. ಆದರೆ ಆಯಿಲ್ ಕೊಳಕಾದರೆ ಚೈನ್ ಸಡಿಲವಾಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಲಟಲಟ ಸದ್ದು ಬಂದರೆ ತೋರಿಸಿ. ಎರಡು ಲಕ್ಷ ದಾಟಿದ ಎಂಜಿನ್ ಸ್ವಲ್ಪ ಆಯಿಲ್ ತಿನ್ನೋದು ಸಹಜ, ಹಾಗಾಗಿ ಸರ್ವಿಸ್ ತನಕ ಕಾಯದೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಬೇಕು. ಸಮತಟ್ಟು ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು. ಲೋಡು, ಘಾಟಿ, ಧೂಳಿನ ರಸ್ತೆಯಲ್ಲಿ ದುಡಿಯುವ ಗಾಡಿಗೆ ಕೈಪಿಡಿಯಲ್ಲೇ ಬೇಗ ಆಯಿಲ್ ಬದಲಿಸಲು ಹೇಳಿರುತ್ತೆ, ಆ ಪುಟ ಮಾತ್ರ ಯಾರೂ ಓದಿರಲ್ಲ.

ಅಡಿಗೆ ಬಗ್ಗಿ ನೋಡಿ

ತೋಟದ ರಸ್ತೆಯ ಕಲ್ಲು, ಕಡ್ಡಿಗೆ ಮೊದಲು ಹರಿಯೋದು ಆಕ್ಸಲ್ ತುದಿಯ ರಬ್ಬರ್ ಬೂಟ್. ಅದು ಹರಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಓಡಿಸುವಾಗ ಟಕಟಕ ಅಂತ ಸದ್ದು ಬಂದರೆ ಬೂಟಿನ ಕಾಲ ಮುಗಿದು ಜಾಯಿಂಟಿನ ಖರ್ಚು ಶುರುವಾಗಿದೆ ಅಂತಲೇ ಲೆಕ್ಕ. ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್ ಸದ್ದಾದರೆ ವೀಲ್ ಬೇರಿಂಗ್ ನೋಡಿಸಿ. ಗುಂಡಿಯಲ್ಲಿ ದಡಕ್ ಅಂದರೆ ಲಿಂಕ್ ರಾಡ್, ಬುಷ್‌ಗಳ ಕಡೆ.

ಟೈರಿನ ಗುಂಡಿ 1.6 ಮಿಲಿಮೀಟರ್‌ಗೆ ಬಂದರೆ ಕಾನೂನಿನ ಪ್ರಕಾರವೇ ಅದರ ಆಯುಷ್ಯ ಮುಗಿಯಿತು. ಮಳೆ ರಸ್ತೆಗೆ ಅದಕ್ಕೂ ಮುಂಚೆಯೇ ಬದಲಿಸೋದು ಒಳ್ಳೇದು. ಗುಂಡಿ ಚೆನ್ನಾಗಿದ್ದರೂ ವಯಸ್ಸು ನೋಡಿ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ 2317 ಅಂತಿದ್ದರೆ ಅದು 2017ರ 23ನೇ ವಾರ ತಯಾರಾದ ಟೈರ್. ಸ್ಟೆಪ್ನಿಯದ್ದೂ ನೋಡಿ, ಗಾಳಿಯೂ ನೋಡಿ.

ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಸಿಲ್ವರ್ ಮರದ ಎಲೆ ತುಂಬಿಕೊಂಡರೆ ಮಳೆ ನೀರು ಹೋಗಲು ದಾರಿಯಿಲ್ಲದೆ ಕ್ಯಾಬಿನ್ ಒಳಗೆ ಇಳಿಯುತ್ತೆ. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆ ಇದ್ದರೆ ತಗಡು ಒಳಗಿಂದ ತುಕ್ಕು ಹಿಡಿಯುತ್ತಿದೆ. ಇದು ಕೈಯಲ್ಲೇ ಎಲೆ ತೆಗೆದರೆ ಮುಗಿಯೋ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

ಸೆಕೆಂಡ್ ಹ್ಯಾಂಡ್ ತಂದವರಿಗೆ

ಬೆಂಗಳೂರಿನಿಂದ ಕಡಿಮೆ ರೇಟಿಗೆ ಸಿಕ್ಕಿತು ಅಂತ ತಂದ ಕಾರಿನ ಮೀಟರ್ 70 ಸಾವಿರ ತೋರಿಸಬಹುದು. ಕ್ಲಚ್ ಪೆಡಲ್ ರಬ್ಬರ್ ಬೋಳಾಗಿ, ಸ್ಟೀರಿಂಗ್ ಹೊಳೆಯುತ್ತಿದ್ದರೆ ಆ ಅಂಕಿ ನಂಬಬೇಡಿ. ಸರ್ವಿಸ್ ದಾಖಲೆ ಇಲ್ಲದಿದ್ದರೆ ಏನೂ ಮಾಡಿಸಿಲ್ಲ ಅಂತಲೇ ತಿಳಿದು ಎಲ್ಲ ಆಯಿಲ್, ಕೂಲೆಂಟ್, ಬೆಲ್ಟ್ ಒಮ್ಮೆ ಬದಲಿಸಿ ಅಲ್ಲಿಂದ ಲೆಕ್ಕ ಶುರು ಮಾಡಬೇಕು.

ಎಲ್ಲವನ್ನೂ ಒಂದೇ ಸಲ ಮಾಡಿಸುವಷ್ಟು ದುಡ್ಡು ಕೈಯಲ್ಲಿ ಇರಲ್ಲ, ಅದು ಗೊತ್ತಿರೋದೇ. ಹಾಗಿದ್ದರೆ ಮೊದಲು ಬ್ರೇಕ್ ಮತ್ತು ಟೈರ್, ಆಮೇಲೆ ಕೂಲೆಂಟ್ ಮತ್ತು ಹೋಸ್, ಅವಧಿ ಮೀರಿದ್ದರೆ ಟೈಮಿಂಗ್ ಬೆಲ್ಟ್. ಸಸ್ಪೆನ್ಷನ್ ಸದ್ದು, ಎಸಿ ಮುಂದಿನ ತಿಂಗಳಿಗೆ ಇರಲಿ. ಎಂಜಿನ್ ಫ್ಲಶ್, ಕೋಟಿಂಗ್ ಪ್ಯಾಕೇಜ್ ಅಂತ ಬಿಲ್ಲಿನಲ್ಲಿ ಸೇರಿಸಲು ಬಂದರೆ ಸದ್ಯಕ್ಕೆ ಬೇಡ ಅನ್ನಿ.

ಅಂಗಡಿಯವರಿಗೆ ಉದ್ರಿ ಪುಸ್ತಕ ಬರೆಯೋ ಅಭ್ಯಾಸ ಹೇಗೂ ಇರುತ್ತೆ. ಅದರ ಕೊನೇ ಹಾಳೆಯಲ್ಲಿ ಗಾಡಿಗೂ ಒಂದು ಖಾತೆ ತೆರೆಯಿರಿ: ತಾರೀಖು, ಮೀಟರ್ ಅಂಕಿ, ಏನು ಬದಲಿಸಿದ್ದು, ಎಷ್ಟಾಯ್ತು. ಜೂನ್ ಮಳೆ ಹಿಡಿಯುವ ಹೊತ್ತಿಗೆ ಗ್ಯಾರೇಜುಗಳಲ್ಲಿ ಜಾಗ ಸಿಗೋದೇ ಕಷ್ಟ, ಮೇ ತಿಂಗಳಲ್ಲೇ ಬಿಟ್ಟರೆ ಮೆಕ್ಯಾನಿಕ್‌ಗೂ ನಿಧಾನಕ್ಕೆ ನೋಡಲು ಸಮಯ ಸಿಗುತ್ತೆ. ಬದಲಿಸಿದ ಹಳೇ ಪಾರ್ಟ್‌ಗಳನ್ನು ಎತ್ತಿಡಲು ಗಾಡಿ ಬಿಡುವಾಗಲೇ ಹೇಳಿ, ಸಂಜೆ ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ.